ಹೆಗಲು ಮುಟ್ಟಿ ನೋಡಿಕೊಂಡವರು

ಲಾಕಪ್ಪಿನಲ್ಲಿರುವ ಆರೋಪಿ ರಾತ್ರಿ ಬಿರಿಯಾನಿ ತಿಂದನಂತೆ. ಇಷ್ಟು ಸಿಕ್ಕರೆ ಸಾಕು, ಟಿ.ವಿ.ಯವರಿಗೆ ಒಂಬತ್ತು ಗಂಟೆಯ ಚರ್ಚೆಗೆ ಸರಕಾಯಿತು. ‘ನೋಡಿ ವೀಕ್ಷಕರೇ, ಒಂಚೂರಾದರೂ ಪಶ್ಚಾತ್ತಾಪ ಇದೆಯಾ? ಲೆಗ್ ಪೀಸ್ ಕೇಳಿ ಹಾಕಿಸಿಕೊಂಡಿದ್ದಾನೆ!’ ಸರಿ, ಅನ್ನ ಮುಟ್ಟದೆ ಮೂಲೆ ಹಿಡಿದು ಕೂತಿದ್ದರೆ? ‘ಮಾಡಿದ ಪಾಪ ಒಳಗೊಳಗೇ ಕೊರೀತಾ ಇದೆ.’ ಗೊರಕೆ ಹೊಡೆದರೆ ಕಲ್ಲೆದೆ, ಹೊರಳಾಡಿದರೆ ಕಳ್ಳೆದೆ. ಅತ್ತರೆ ನಾಟಕ, ಅಳದಿದ್ದರೆ ವಿಕೃತಿ. ಅಪ್ಪಿತಪ್ಪಿ ನಕ್ಕನೋ, ಅವನ ಕಥೆ ಮುಗಿಯಿತು. ಆ ನಗುವನ್ನು ನಿಧಾನಗತಿಯಲ್ಲಿ ಹಿಂದೆ ಮುಂದೆ ಓಡಿಸಿ, ತುಟಿಯ ಎಡ ಅಂಚಿಗೊಂದು ಕೆಂಪು ಬಾಣ ನೆಟ್ಟು, ಹಿನ್ನೆಲೆಯಲ್ಲಿ ಢಂ ಢಂ ಬಾರಿಸಿ, ಪಕ್ಕದ ಚೌಕದಲ್ಲಿ ಕೂತ ತಜ್ಞರನ್ನು ಕೇಳುತ್ತಾರೆ: ‘ಸಾರ್, ಈ ನಗು ಏನು ಹೇಳ್ತಾ ಇದೆ?’

ತಜ್ಞರು ಆರೋಪಿಯ ಮುಖ ಕಂಡವರಲ್ಲ. ಕಂಡಿರುವುದು ಬಾಣ ಮಾತ್ರ. ಆದರೂ ಕನ್ನಡಕ ಮೇಲೆತ್ತಿಕೊಂಡು ಅಪ್ಪಣೆ ಕೊಡಿಸುತ್ತಾರೆ: ‘ಇದು ಪರ್ಸನಾಲಿಟಿ ಪ್ರಾಬ್ಲಂ.’

ಅಷ್ಟರಲ್ಲಿ ವರದಿಗಾರ ಆರೋಪಿಯ ಬೀದಿಗೆ ಹೋಗಿ ಎದುರು ಮನೆಯವರ ಬಾಯಿಗೆ ಮೈಕ್ ಹಿಡಿದಿರುತ್ತಾನೆ. ‘ಯಾರ ಹತ್ರಾನೂ ಮಾತಾಡ್ತಿರಲಿಲ್ಲ ಸಾರ್, ತಲೆ ತಗ್ಗಿಸಿಕೊಂಡು ಹೋಗೋನು.’ ಸ್ಟುಡಿಯೋದಲ್ಲಿ ತಲೆಗಳು ಆಡುತ್ತವೆ. ಅಂತರ್ಮುಖಿ, ಒಳಗೆ ಕುದಿಯುತ್ತಿದ್ದ ಲಾವಾ. ಮಾರನೆಯ ವಾರ ಇನ್ನೊಂದು ಕೊಲೆ, ಇನ್ನೊಂದು ಬೀದಿ. ‘ಎಲ್ಲರ ಜೊತೆ ಚೆನ್ನಾಗಿ ಬೆರೀತಿದ್ದ ಸಾರ್, ಗಣಪತಿ ಚಂದಾ ವಸೂಲಿಗೆ ಅವನೇ ಮುಂದೆ.’ ಮತ್ತೆ ತಲೆಗಳು ಆಡುತ್ತವೆ. ಬಹಿರ್ಮುಖಿ, ಮುಖವಾಡ ಹೊತ್ತ ಮೃಗ. ಪತ್ರಿಕೆಯವರಿಗೆ ಇಷ್ಟೆಲ್ಲ ವ್ಯವಧಾನವಿಲ್ಲ. ಹೆಸರಿನ ಮುಂದೆ ಇನಿಷಿಯಲ್ ಇರಬೇಕಾದಲ್ಲಿ ‘ಸೈಕೋ’ ಎಂದು ಹಾಕಿ ಪುಟ ಮುಗಿಸುತ್ತಾರೆ.

ಇದೆಲ್ಲ ಟಿ.ವಿ.ಯವರ ಆವಿಷ್ಕಾರ ಎಂದುಕೊಂಡು ಅವರಿಗೆ ಇಲ್ಲದ ಮರ್ಯಾದೆ ಕೊಡಬೇಡಿ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಮ್ಮ ಅಜ್ಜಿಯರು ಒಲೆ ಮುಂದೆ ಕೂತು ಪುಕ್ಕಟೆ ಹೇಳುತ್ತಿದ್ದರು. ಅದನ್ನೇ ಯುರೋಪಿನವರು ಪೀಠ, ಪದವಿ, ಪ್ರಯೋಗಾಲಯ ಕಟ್ಟಿಕೊಂಡು ನೂರೈವತ್ತು ವರ್ಷದಿಂದ ಹೇಳುತ್ತಿದ್ದಾರೆ. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೋ ಒಬ್ಬ ಕಳ್ಳನ ಬುರುಡೆಯ ಹಿಂಭಾಗದಲ್ಲಿ ಸಣ್ಣದೊಂದು ಗುಳಿ ಕಂಡು, ಅಪರಾಧಿ ಎಂದರೆ ಮನುಷ್ಯ ಇನ್ನೂ ಪೂರ್ತಿ ಮನುಷ್ಯನಾಗದ ಕಾಲದಿಂದ ತಪ್ಪಿಸಿಕೊಂಡು ಬಂದ ಪ್ರಾಣಿ ಎಂದು 1876ರಲ್ಲಿ ಪುಸ್ತಕವನ್ನೇ ಬರೆದ. ಅಗಲ ದವಡೆ, ಚಾಚಿದ ಕಿವಿ, ಮೈಮೇಲೆ ಹಚ್ಚೆ, ಇವೆಲ್ಲ ಗುರುತು. (ಹಚ್ಚೆಯ ಲೆಕ್ಕ ಹಿಡಿದಿದ್ದರೆ ನಮ್ಮ ಹಳ್ಳಿಗಳ ಅರ್ಧ ಅಜ್ಜಿಯರು ಒಳಗಿರುತ್ತಿದ್ದರು.) ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3000 ಕೈದಿಗಳನ್ನು ಅಳೆದು ನೋಡಿ, ಇಂಥ ಪ್ರತ್ಯೇಕ ಜಾತಿಯ ಪ್ರಾಣಿ ಯಾವುದೂ ಸಿಗಲಿಲ್ಲ ಎಂದು 1913ರಲ್ಲಿ ಬರೆದ. ಅಷ್ಟರಲ್ಲಿ ಲೊಂಬ್ರೋಸೋ ತೀರಿಕೊಂಡಿದ್ದ. ಅವನ ತಲೆ ಟ್ಯೂರಿನ್‌ನ ಮ್ಯೂಸಿಯಂನಲ್ಲಿ ಗಾಜಿನ ಭರಣಿಯೊಳಗೆ ಇದೆ. ಅನುಮಾನ ಇದ್ದವರು ಟೇಪು ಹಿಡಿದು ಹೋಗಬಹುದು.

ನಮ್ಮನ್ನು ಆಳುತ್ತಿದ್ದವರು ಲೊಂಬ್ರೋಸೋನ ಪುಸ್ತಕಕ್ಕೂ ಕಾಯಲಿಲ್ಲ. ಅದಕ್ಕೆ ಐದು ವರ್ಷ ಮೊದಲೇ, 1871ರಲ್ಲಿ, ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ ತಂದರು. ಬಡಗಿಯ ಮಗ ಬಡಗಿಯಾದರೆ ಕಳ್ಳನ ಮಗ ಕಳ್ಳನಾಗಲೇಬೇಕು, ಜಾತಿಯೇ ಕಸುಬಾಗಿರುವ ದೇಶದಲ್ಲಿ ಇದು ಎಷ್ಟು ಸುಲಭದ ಲೆಕ್ಕ! ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರಿಂದೂರಿಗೆ ಸಾಗಿಸಿ ಬದುಕುತ್ತಿದ್ದ ಕೊರಚರಂಥವರ ವ್ಯಾಪಾರವನ್ನು ರೈಲು ಮತ್ತು ಉಪ್ಪಿನ ಕಾನೂನು ಸೇರಿ ಮುಗಿಸಿದವು. ಹೊಟ್ಟೆಪಾಡು ಹೋದ ಜನ ಸುಮ್ಮನೆ ತಿರುಗಾಡತೊಡಗಿದರು. ಸುಮ್ಮನೆ ತಿರುಗುವವರನ್ನು ಕಂಡ ಸರ್ಕಾರ ‘ಇವರ ಸ್ವಭಾವವೇ ಸರಿಯಿಲ್ಲ’ ಎಂದಿತು. ರೈಲಿನ ಸ್ವಭಾವವನ್ನು ಯಾರೂ ಕೇಳಲಿಲ್ಲ. ಠಾಣೆಯಲ್ಲಿ ಹಾಜರಿ, ಊರು ಬಿಡಲು ಚೀಟಿ, ಕೆಲವರಿಗೆ ಬೇಲಿಯೊಳಗಿನ ವಸತಿ. ಹುಬ್ಬಳ್ಳಿಯಲ್ಲಿ ಅಂಥದೊಂದು ಜಾಗಕ್ಕೆ ಇವತ್ತಿಗೂ ‘ಸೆಟ್ಲಮೆಂಟ್’ ಎಂದೇ ಹೆಸರು. ಆಟೋದವನಿಗೆ ಹೇಳಿದರೆ ಕರೆದುಕೊಂಡು ಹೋಗುತ್ತಾನೆ. ಕಾಯ್ದೆ 1952ರಲ್ಲಿ ಹೋಯಿತು. ಅದು ಹೋದ ಬಾಗಿಲಿನಿಂದಲೇ ‘ರೂಢಿಗತ ಅಪರಾಧಿ’ಗಳ ಕಾಯ್ದೆಗಳು ರಾಜ್ಯರಾಜ್ಯಗಳಲ್ಲಿ ಒಳಬಂದವು. ಜೈಲು ಕೈಪಿಡಿಗಳಲ್ಲಿ ಅಲೆಮಾರಿ ಎಂದರೆ ಹುಟ್ಟಾ ಅಪಾಯಕಾರಿ ಎಂಬಂತೆ ಬರೆದಿಟ್ಟಿದ್ದ ಸಾಲುಗಳನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 2024ರ ಅಕ್ಟೋಬರ್‌ನಲ್ಲಿ. ಲೊಂಬ್ರೋಸೋನ ತಲೆ ಭರಣಿ ಸೇರಿ ನೂರು ವರ್ಷ ದಾಟಿತ್ತು.

ಬುರುಡೆ ಅಳೆಯುವುದು ಅಸಹ್ಯ ಎನಿಸಿದ ಮೇಲೆ ಬಂದವರು ಸಭ್ಯರು. ಅವರು ಬುರುಡೆ ಮುಟ್ಟುವುದಿಲ್ಲ, ಪ್ರಶ್ನಾವಳಿ ಕೊಡುತ್ತಾರೆ. ಇವರಲ್ಲಿ ಮೇರು ಹಾನ್ಸ್ ಐಸೆಂಕ್. ಬರ್ಲಿನ್ನಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಪ್ರಾಧ್ಯಾಪಕರಾದವರು, 1964ರಲ್ಲಿ ಅಪರಾಧ ಮತ್ತು ವ್ಯಕ್ತಿತ್ವದ ಬಗ್ಗೆ ಪುಸ್ತಕ ಬರೆದವರು. ಅವರ ಪ್ರಕಾರ ಅಂತಃಸಾಕ್ಷಿ ಎನ್ನುವುದು ದೇವರು ಕೊಟ್ಟಿದ್ದೂ ಅಲ್ಲ, ಅಮ್ಮ ಕಲಿಸಿದ್ದೂ ಅಲ್ಲ. ರಷ್ಯಾದ ಪಾವ್ಲೊವ್‌ನ ನಾಯಿಗೆ ಗಂಟೆ ಕೇಳಿದೊಡನೆ ಜೊಲ್ಲು ಸುರಿಯುತ್ತಿತ್ತಲ್ಲ, ಅದೇ ಬಗೆಯ ರೂಢಿ. ಮಗು ಸಕ್ಕರೆ ಡಬ್ಬಿಗೆ ಕೈಹಾಕಿತು, ಏಟು ಬಿತ್ತು. ಮತ್ತೆ ಹಾಕಿತು, ಮತ್ತೆ ಬಿತ್ತು. ಅಂತರ್ಮುಖಿಯ ನರಮಂಡಲ ಈ ಪಾಠವನ್ನು ಬೇಗ ಹಿಡಿಯುತ್ತದೆ. ಬಹಿರ್ಮುಖಿಯ ಮಿದುಳು ಸದಾ ಅರೆನಿದ್ದೆಯಲ್ಲಿರುವುದರಿಂದ ಅವನಿಗೆ ಉದ್ರೇಕ ಬೇಕು, ಪಾಠ ಹತ್ತುವುದಿಲ್ಲ, ಕೊನೆಗೆ ಕಳ್ಳನಾಗುತ್ತಾನೆ. ನಮ್ಮ ಸರ್ಕಾರಿ ಶಾಲೆಯ ಮೇಷ್ಟರುಗಳು ಹುಣಸೆ ಬರಲು ಹಿಡಿದು ನಡೆಸಿದ ಸಂಶೋಧನೆಯೂ ಇದೇ. ಪಾಪ, ಅವರಿಗೆ ಪ್ರಕಟಿಸಬೇಕೆಂದು ಹೊಳೆಯಲಿಲ್ಲ.

ಒಬ್ಬ ಮನುಷ್ಯ ಅಂತರ್ಮುಖಿಯೋ ಬಹಿರ್ಮುಖಿಯೋ ತಿಳಿಯಲು ಐಸೆಂಕ್ ಬಳಗದಲ್ಲಿ ಒಂದು ಸೊಗಸಾದ ಪರೀಕ್ಷೆ ಇತ್ತು. ನಾಲಿಗೆಯ ಮೇಲೆ ನಾಲ್ಕು ಹನಿ ನಿಂಬೆರಸ ಬಿಡುವುದು, ಹತ್ತಿಯಲ್ಲಿ ಜೊಲ್ಲು ಹೀರಿ ತೂಗುವುದು. ಜಾಸ್ತಿ ಜೊಲ್ಲು ಬಂದವನು ಅಂತರ್ಮುಖಿ. ಹುಳಿ ಮುಟ್ಟಿದರೂ ಬಾಯಿ ನೀರೂರದವನ ಮೇಲೆ ಒಂದು ಕಣ್ಣಿಡಬೇಕು. ನಮ್ಮ ಠಾಣೆಗಳಲ್ಲಿ ನಿಂಬೆಹಣ್ಣಿಗೇನೂ ಬರವಿಲ್ಲ. ಸದ್ಯಕ್ಕೆ ಅದನ್ನು ಬಾಗಿಲಿಗೂ ಜೀಪಿಗೂ ಕಟ್ಟುತ್ತಿದ್ದಾರೆ, ಅಷ್ಟೆ.

ಬಹಿರ್ಮುಖಿಗಳೆಲ್ಲ ಕಳ್ಳರಾದರೆ ಲೋಕದ ಎಲ್ಲ ವಿಮಾ ಏಜೆಂಟರನ್ನೂ ಒಳಗೆ ಹಾಕಬೇಕಾಗುತ್ತದೆ. ಇದು ಐಸೆಂಕರಿಗೂ ಹೊಳೆಯಿತೆಂದು ಕಾಣುತ್ತದೆ. ಆಮೇಲೆ ‘ಸೈಕೋಟಿಸಿಸಂ’ ಎಂಬ ಮೂರನೆಯ ಅಳತೆ ಸೇರಿಸಿದರು, 1975ರಲ್ಲಿ ಅದಕ್ಕೂ ಪ್ರಶ್ನೆಗಳು ಸಿದ್ಧವಾದವು. ರೈಲು ಹಿಡಿಯಲು ಕೊನೇ ಗಳಿಗೆಯಲ್ಲಿ ಓಡುತ್ತೀರಾ ಎಂದು ಕೇಳುತ್ತಾರೆ. ಹೌದು ಎಂದರೆ ಒಂದು ಅಂಕ ಏರಿತು. ಪ್ರಶ್ನೆ ಬರೆದವರು ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಬಿದ್ದು ಮೆಜೆಸ್ಟಿಕ್ಕಿಗೆ ಓಡಿದವರಲ್ಲ ಎಂಬುದು ಇಲ್ಲಿಗೇ ಖಚಿತ. ಉಳಿತಾಯ, ವಿಮೆ ಎಂದು ಜನ ಅತಿಯಾಗಿ ಒದ್ದಾಡುತ್ತಾರೆ ಅನ್ನಿಸುತ್ತದೆಯೇ ಎಂಬುದು ಇನ್ನೊಂದು. ಸಾಲ ಇದ್ದರೆ ಚಿಂತೆಯಾಗುತ್ತದೆಯೇ ಎಂಬುದು ಮತ್ತೊಂದು; ಆಗುವುದಿಲ್ಲ ಎಂದವನಿಗೆ ಅಂಕ. ಇದರ ಪ್ರಕಾರ ಸೊಸೈಟಿ ಸಾಲಕ್ಕೆ ಹೆದರಿ ನಿದ್ದೆಗೆಡುವ ನಮ್ಮ ರೈತ ಪರಮ ಸಭ್ಯ. ಬ್ಯಾಂಕುಗಳ ಸಾವಿರಾರು ಕೋಟಿಯ ಬಗ್ಗೆ ಕಿಂಚಿತ್ತೂ ಚಿಂತಿಸದೆ ಓಡಾಡಿದವರನ್ನಂತೂ ಐಸೆಂಕರು ಪರೀಕ್ಷಿಸಲೇಬೇಕಿತ್ತು. ಅವರು ಐಸೆಂಕರ ಊರಿಗೇ ಹೋಗಿ ನೆಲೆಸಿದ್ದಾರೆ.

ಒಟ್ಟಿನಲ್ಲಿ ಈ ವಿದ್ಯೆಯ ತಿರುಳು ಇಷ್ಟು. ಯಾಕೆ ಕದ್ದ? ಕಳ್ಳನ ಸ್ವಭಾವ ಇತ್ತು, ಅದಕ್ಕೇ ಕದ್ದ. ಕಳ್ಳನ ಸ್ವಭಾವ ಇತ್ತೆಂದು ಹೇಗೆ ಗೊತ್ತಾಯಿತು? ಕದ್ದನಲ್ಲ! ಬ್ರಿಟನ್ನಿನ ಬಾರ್ಬರಾ ವೂಟನ್ 1959ರಲ್ಲೇ ಈ ಸುತ್ತಾಟವನ್ನು ಎತ್ತಿ ತೋರಿಸಿದ್ದರು. ಆಕೆ ವರ್ಷಗಟ್ಟಲೆ ನ್ಯಾಯಪೀಠದಲ್ಲಿ ಕೂತು ನಿಜವಾದ ಕಳ್ಳರನ್ನು ನೋಡಿದವರು. ಅದೊಂದು ಅನನುಕೂಲ ಆಕೆಗಿತ್ತು. ಆಮೇಲೆ 2002ರಲ್ಲಿ ಹಲವು ದೇಶಗಳ ಜೈಲು ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಗಂಡು ಕೈದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ‘ಸಮಾಜವಿರೋಧಿ ವ್ಯಕ್ತಿತ್ವ ದೋಷ’ ಇದೆ ಎಂದು ಕಂಡಿತು. ಆ ದೋಷದ ಲಕ್ಷಣಗಳ ಪಟ್ಟಿಯಲ್ಲಿ ಮೊದಲನೆಯದೇ ಬಂಧನಕ್ಕೆ ಕಾರಣವಾಗುವ ಕೆಲಸಗಳನ್ನು ಮತ್ತೆ ಮತ್ತೆ ಮಾಡುವುದು. ಜೈಲಿನಲ್ಲಿ ಅಂಥವರು ಸಿಕ್ಕಿದ್ದಾರೆ. ಅರ್ಧ ಜನರಲ್ಲಿ ಅದು ಕಾಣಲಿಲ್ಲವಲ್ಲ, ಆಶ್ಚರ್ಯ ಪಡಬೇಕಾದದ್ದು ಅದಕ್ಕೆ.

ಹಾಗಂತ ಸ್ವಭಾವ ಎಂಬುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೂಗಿನ ತುದಿಯಲ್ಲಿ ಸಿಟ್ಟಿರುವವನು ಜಗಳಕ್ಕೆ ಬೇಗ ಬೀಳುತ್ತಾನೆ, ಹಿಂದುಮುಂದು ನೋಡದವನು ಹಳ್ಳಕ್ಕೆ ಬೇಗ ಬೀಳುತ್ತಾನೆ; ಅಂಕಿಅಂಶಗಳೂ ಇಷ್ಟಕ್ಕೆ ಹೂಂ ಎನ್ನುತ್ತವೆ. ಆದರೆ ಅದೇ ಅಂಕಿಅಂಶಗಳಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಸ್ಟುಡಿಯೋದಲ್ಲಿ ಯಾರೂ ಎತ್ತುವುದಿಲ್ಲ. ಅಪರಾಧ ಹದಿಹರೆಯದ ಕೊನೆಗೆ ಶಿಖರಕ್ಕೇರಿ ಅಲ್ಲಿಂದ ಇಳಿಯುತ್ತಾ ಬರುತ್ತದೆ. ನ್ಯೂಜಿಲೆಂಡಿನ ಡನೀಡನ್ ಎಂಬ ಊರಿನ ಮಕ್ಕಳನ್ನು ಹುಟ್ಟಿದಾಗಿನಿಂದ ಹಿಂಬಾಲಿಸಿದ ಅಧ್ಯಯನದಲ್ಲಿ ತೊಡಗಿದ್ದ ಟೆರಿ ಮಾಫಿಟ್ 1993ರಲ್ಲಿ ಬರೆದರು: ದಾರಿ ತಪ್ಪುವವರಲ್ಲಿ ಬಹುಪಾಲು ಹುಡುಗರದು ಆ ವಯಸ್ಸಿನ ಕೇಡು, ಜೀವನಪರ್ಯಂತ ಅದೇ ಹಾದಿಯಲ್ಲಿರುವವರು ಬೆರಳೆಣಿಕೆ. ಮೀಸೆ ಚಿಗುರುವಾಗ ಬಂದ ಹುಟ್ಟುಗುಣ, ಒಂದು ಸಂಬಳದ ಕೆಲಸ, ಒಂದು ಮದುವೆ, ಒಂದು ಕೂಸು ಬರುವಷ್ಟರಲ್ಲಿ ಸುಡದೆಯೇ ಹೊರಟುಹೋಗಿರುತ್ತದೆ. ಅಜ್ಜಿಗೂ ಇದು ಗೊತ್ತಿತ್ತು. ‘ಒಂದು ಮದುವೆ ಮಾಡಿ, ಸರಿಹೋಗ್ತಾನೆ’ ಎಂದದ್ದೂ ಅವಳೇ. (ಕಟ್ಟಿಕೊಂಡವಳ ಗತಿ ಏನಾಯಿತೆಂಬುದು ಬೇರೆ ಅಧ್ಯಯನ.)

ಇಲ್ಲಿಯವರೆಗಿನದು ನಗುವ ವಿಷಯ. ಇನ್ನು ಟೆಕ್ಸಾಸ್‌ಗೆ ಹೋಗೋಣ.

ಅಲ್ಲಿನ ಕಾನೂನಿನ ಪ್ರಕಾರ ಮರಣದಂಡನೆ ಕೊಡುವ ಮುನ್ನ ಜ್ಯೂರಿ ಒಂದು ಪ್ರಶ್ನೆಗೆ ಉತ್ತರಿಸಬೇಕು: ಈ ಮನುಷ್ಯ ಮುಂದೆಯೂ ಹಿಂಸೆ ಎಸಗುವ ಸಂಭವ ಇದೆಯೇ? ಮುಂದಿನದನ್ನು ಹೇಳಲು ನಮ್ಮಲ್ಲಿ ಕವಡೆ, ಪಂಚಾಂಗ, ಗಿಣಿ ಎಲ್ಲ ಇವೆ. ಡಲ್ಲಾಸ್‌ನಲ್ಲಿ ಜೇಮ್ಸ್ ಗ್ರಿಗ್ಸನ್ ಎಂಬ ಮನೋವೈದ್ಯ ಇದ್ದ. ನೂರಕ್ಕೂ ಹೆಚ್ಚು ಮರಣದಂಡನೆ ಪ್ರಕರಣಗಳಲ್ಲಿ ಸಾಕ್ಷಿ ಹೇಳಿ ‘ಡಾಕ್ಟರ್ ಡೆತ್’ ಎಂದು ಹೆಸರಾದವನು. ಪೊಲೀಸ್ ಅಧಿಕಾರಿಯೊಬ್ಬನ ಕೊಲೆ ಆರೋಪದಲ್ಲಿ 1976ರಲ್ಲಿ ಸಿಕ್ಕಿಬಿದ್ದ ರ‍್ಯಾಂಡಲ್ ಡೇಲ್ ಆಡಮ್ಸ್ ಎಂಬಾತನನ್ನು ಅವನು ನೋಡಲು ಬಂದ. ಆಡಮ್ಸ್ ಆಮೇಲೆ ಹೇಳಿಕೊಂಡ ಪ್ರಕಾರ ಇಪ್ಪತ್ತು ನಿಮಿಷದ ಭೇಟಿ ಅದು. ಕೆಲವು ಆಕಾರಗಳನ್ನು ಬರೆಸಿದ, ಎರಡು ಗಾದೆಗಳ ಅರ್ಥ ಕೇಳಿದ. ಉರುಳುವ ಕಲ್ಲಿಗೆ ಪಾಚಿ ಹತ್ತುವುದಿಲ್ಲ, ಹಾಗೆಂದರೇನು? ಪೊದೆಯಲ್ಲಿನ ಎರಡು ಹಕ್ಕಿಗಿಂತ ಕೈಯಲ್ಲಿನ ಒಂದು ಹಕ್ಕಿ ಮೇಲು, ಹಾಗೆಂದರೇನು?

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವವರು ನಾವು. ಆದರೂ ಗಾದೆ ಕೇಳಿ ಗಲ್ಲಿಗೆ ಹಾಕುವಷ್ಟು ನಂಬಿಕೆ ನಮಗೂ ಇರಲಿಲ್ಲ. ಈ ಪರೀಕ್ಷೆಯನ್ನು ಮಂಡ್ಯದ ಕಡೆ ಮಾಡಿದ್ದರೆ ಡಾಕ್ಟರೇ ದಣಿಯುತ್ತಿದ್ದ. ಕೈಯಲ್ಲಿನ ಹಕ್ಕಿಯ ಅರ್ಥ ಕೇಳಿದರೆ ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದಂಗಾಯ್ತು ಕಣ್ ಸ್ವಾಮಿ’ ಎಂದು ಉತ್ತರ ಬರುತ್ತದೆ, ಹಿಂದೆಯೇ ಇನ್ನೆರಡು ಗಾದೆ, ಅದಕ್ಕೊಂದು ಉಪಕಥೆ. ಡಾಕ್ಟರು ಬರೆದುಕೊಳ್ಳುತ್ತಾನೆ: ಆಹಾರದ ಬಗ್ಗೆ ಅತೃಪ್ತಿ, ವಿಷಯಾಂತರ, ಪಶ್ಚಾತ್ತಾಪವಿಲ್ಲ.

ಆಡಮ್ಸ್ ಏನು ಹೇಳಿದನೋ, ಗ್ರಿಗ್ಸನ್‌ಗೆ ಅಷ್ಟು ಸಾಕಾಯಿತು. ಇವನು ಸಮಾಜಘಾತುಕ ವ್ಯಕ್ತಿತ್ವದವನು, ಬಿಟ್ಟರೆ ಮತ್ತೆ ಕೊಲ್ಲುತ್ತಾನೆ ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಿ ನುಡಿದ. ಆ ಮನುಷ್ಯನ ಮೇಲೆ ಹಿಂದೆ ಒಂದು ಅಪರಾಧದ ದಾಖಲೆಯೂ ಇರಲಿಲ್ಲ. ಮರಣದಂಡನೆ ಆಯಿತು. 1979ರಲ್ಲಿ ದಿನ ಗೊತ್ತಾಗಿ, ಮೂರು ದಿನ ಇದೆಯೆನ್ನುವಾಗ ಸುಪ್ರೀಂ ಕೋರ್ಟಿನಿಂದ ತಡೆ ಬಂತು. ಜ್ಯೂರಿ ಆಯ್ಕೆಯಲ್ಲಿನ ಲೋಪದಿಂದ ಆಮೇಲೆ ಶಿಕ್ಷೆ ಜೀವಾವಧಿಗೆ ಇಳಿಯಿತು. ಮುಂದಿನದನ್ನು ಗ್ರಿಗ್ಸನ್ನನ ಯಾವ ಗಾದೆಯೂ ಹೇಳಿರಲಿಲ್ಲ. ಎರೋಲ್ ಮಾರಿಸ್ ಎಂಬ ಸಿನಿಮಾ ನಿರ್ದೇಶಕ ಈ ಡಾಕ್ಟರ್ ಡೆತ್ ಮೇಲೆಯೇ ಸಾಕ್ಷ್ಯಚಿತ್ರ ಮಾಡೋಣವೆಂದು ಡಲ್ಲಾಸ್‌ಗೆ ಬಂದ. ‘ನನ್ನ ಕೈದಿಗಳನ್ನು ನೋಡು, ಆಗ ನನ್ನ ಮಾತು ನಿನಗೆ ಅರ್ಥವಾಗುತ್ತದೆ’ ಎಂಬ ಧಾಟಿಯಲ್ಲಿ ಡಾಕ್ಟರೇ ಅವನನ್ನು ಜೈಲಿಗೆ ಅಟ್ಟಿದ. ಅಲ್ಲಿ ಸಿಕ್ಕವನು ಆಡಮ್ಸ್. ‘ದಿ ಥಿನ್ ಬ್ಲೂ ಲೈನ್’ 1988ರಲ್ಲಿ ತೆರೆಗೆ ಬಂತು, 1989ರಲ್ಲಿ ಆಡಮ್ಸ್ ಹೊರಗೆ ಬಂದ. ಅವನ ವಿರುದ್ಧ ಸಾಕ್ಷಿ ಹೇಳಿದ್ದ ಹದಿನಾರರ ಹುಡುಗನೇ ಗುಂಡು ಹಾರಿಸಿದ್ದ ಎಂಬುದು ಆ ಹೊತ್ತಿಗೆ ಬಯಲಾಗಿತ್ತು. ಆ ಹುಡುಗ 1985ರಲ್ಲಿ ಇನ್ನೊಂದು ಕೊಲೆಯನ್ನೂ ಮಾಡಿ ಮುಗಿಸಿದ್ದ. ಮತ್ತೆ ಕೊಲ್ಲುತ್ತಾನೆ ಎನ್ನಿಸಿಕೊಂಡವನು ಕೊಲ್ಲಲಿಲ್ಲ. ಕೊಂದವನು ಸರ್ಕಾರದ ಪರ ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ.

ಇನ್ನೊಂದು ಪ್ರಕರಣದಲ್ಲಿ ಗ್ರಿಗ್ಸನ್‌ಗೆ ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಥಾಮಸ್ ಬೇರ್‌ಫುಟ್ ಎಂಬ ಆರೋಪಿಯನ್ನು ನೋಡದೆಯೇ, ವಕೀಲರು ಕೊಟ್ಟ ವಿವರ ಕೇಳಿಯೇ, ಇವನು ಮತ್ತೆ ಹಿಂಸೆ ಎಸಗುವ ಸಾಧ್ಯತೆ ನೂರಕ್ಕೆ ನೂರು ಎಂದುಬಿಟ್ಟ. ಇಂಥ ಭವಿಷ್ಯವಾಣಿಗಳಲ್ಲಿ ಮೂರರಲ್ಲಿ ಎರಡು ಸುಳ್ಳಾಗುತ್ತವೆ ಎಂದು ಅಮೆರಿಕದ ಮನೋವೈದ್ಯರ ಸಂಘವೇ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿತು. 1983ರಲ್ಲಿ ಕೋರ್ಟು, ತಜ್ಞರು ಯಾವಾಗಲೂ ತಪ್ಪು ಹೇಳುವುದಿಲ್ಲವಲ್ಲ, ಬಹುಪಾಲು ತಪ್ಪಾದರೇನಂತೆ, ಪಾಟೀಸವಾಲಿನಲ್ಲಿ ನೋಡಿಕೊಳ್ಳಿ ಎಂಬರ್ಥದ ತೀರ್ಪು ಕೊಟ್ಟಿತು. ಮರುವರ್ಷ ಬೇರ್‌ಫುಟ್‌ನನ್ನು ಕೊಂದರು. ನೂರಕ್ಕೆ ನೂರು ಎನ್ನುತ್ತಿದ್ದ ಗ್ರಿಗ್ಸನ್ನನನ್ನು ಸಂಘ ಹೊರಹಾಕಿದ್ದು 1995ರಲ್ಲಿ. ಅದಾದ ಮೇಲೂ ಅವನು ಸಾಕ್ಷಿ ಹೇಳುವುದನ್ನು ಬಿಡಲಿಲ್ಲ. ತಪ್ಪಿನಿಂದ ಪಾಠ ಕಲಿಯದಿರುವುದಕ್ಕೆ ಈ ಶಾಸ್ತ್ರದಲ್ಲಿ ಒಂದು ಹೆಸರಿದೆ, ಅದನ್ನು ನಾನು ಹೇಳುವುದಿಲ್ಲ.

ಗ್ರಿಗ್ಸನ್ ಒರಟ, ಈಗ ಎಲ್ಲ ವೈಜ್ಞಾನಿಕ ಎನ್ನುವವರು ಕೆನಡಾದ ರಾಬರ್ಟ್ ಹೇರ್ ಅವರ ಪಟ್ಟಿಯನ್ನು ತೋರಿಸುತ್ತಾರೆ. ಇಪ್ಪತ್ತು ಅಂಶ, ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು 40. ಮೂವತ್ತು ಬಂದರೆ ಪಾಸು, ಪಾಸಾದವನು ಸೈಕೋಪಾತ್. ಮಾತಿನ ಮೋಡಿ, ತಾನೇ ದೊಡ್ಡವನೆಂಬ ಗತ್ತು, ನೀರು ಕುಡಿದಷ್ಟು ಸಲೀಸಾಗಿ ಸುಳ್ಳು, ಇನ್ನೊಬ್ಬರ ಹೆಗಲ ಮೇಲೆ ಬದುಕು, ಯಾವುದಕ್ಕೂ ನಾನು ಹೊಣೆಯಲ್ಲ ಎಂಬ ನಿಲುವು, ಅಲ್ಪಾವಧಿಯ ದಾಂಪತ್ಯಗಳು ಹಲವು. ಓದುತ್ತಾ ಹೋದಂತೆ ನಿಮ್ಮ ಕ್ಷೇತ್ರದವರ ಮುಖ ಕಣ್ಣ ಮುಂದೆ ಬಂದರೆ ತಪ್ಪು ನಿಮ್ಮದಲ್ಲ; ಅಲ್ಪಾವಧಿಯ ದಾಂಪತ್ಯಗಳ ಪೈಕಿ ಕೆಲವು ರೆಸಾರ್ಟಿನಲ್ಲೇ ಕುದುರಿ ರೆಸಾರ್ಟಿನಲ್ಲೇ ಮುರಿದವು. ಆದರೆ ಅವರು ಪಾಸಾಗುವುದಿಲ್ಲ. ಪಟ್ಟಿಯ ಉಳಿದ ಅಂಕಗಳು ಬಾಲಾಪರಾಧ, ಜಾಮೀನು–ಪೆರೋಲಿನ ಷರತ್ತು ಮುರಿದದ್ದು, ಬಗೆಬಗೆಯ ಕೇಸುಗಳು ಇಂಥವಕ್ಕೆ. ಅದಕ್ಕೆ ಕಡತ ಬೇಕು. ಬಡವನ ಕಡತ ಠಾಣೆಯಲ್ಲಿ ಕೊಬ್ಬುತ್ತಾ ಹೋಗುತ್ತದೆ. ಇವರದು ‘ಬಿ ರಿಪೋರ್ಟ್’ ಆಗಿ ಎಂದೋ ಮುಚ್ಚಿರುತ್ತದೆ. ಸೊನ್ನೆ.

ಅಂಕ ಕೊಡುವವರ ಪರೀಕ್ಷೆಯೂ ಒಮ್ಮೆ ನಡೆಯಿತು. ಅಮೆರಿಕದಲ್ಲಿ ಡೇನಿಯಲ್ ಮರ‍್ರಿ, ಮಾರ್ಕಸ್ ಬೊಕ್ಕಾಚೀನಿ ಮೊದಲಾದವರು ಸುಮಾರು ನೂರು ಮಂದಿ ನ್ಯಾಯಾಂಗ ಮನೋತಜ್ಞರಿಗೆ ಹಣ ಕೊಟ್ಟು, ಎಲ್ಲರಿಗೂ ಅವೇ ಕಡತಗಳನ್ನು ಹಂಚಿದರು. ಅರ್ಧ ಜನಕ್ಕೆ ‘ನೀವು ಸರ್ಕಾರಿ ವಕೀಲರ ಕಡೆ’, ಉಳಿದರ್ಧಕ್ಕೆ ‘ನೀವು ಆರೋಪಿಯ ಕಡೆ’ ಎಂದು ಸುಳ್ಳು ಹೇಳಿದ್ದರು. ಸರ್ಕಾರದ ಕಡೆಯವರೆಂದುಕೊಂಡವರ ಅಂಕ ಏರಿತು, ಆರೋಪಿಯ ಕಡೆಯವರದು ಇಳಿಯಿತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅಲ್ಲಿ ಅಳತೆಗೆ ಸಿಕ್ಕಿದ್ದು ಕೈದಿಯ ವ್ಯಕ್ತಿತ್ವವೋ ಚೆಕ್ಕು ಬರೆದವರ ವ್ಯಕ್ತಿತ್ವವೋ, ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಇಂಗ್ಲೆಂಡಿನ ಸರ್ಕಾರವಂತೂ 1999ರಲ್ಲಿ ‘ಅಪಾಯಕಾರಿ ಮತ್ತು ತೀವ್ರ ವ್ಯಕ್ತಿತ್ವ ದೋಷ’ ಎಂಬ ಹೊಸ ಕಾಯಿಲೆಯನ್ನೇ ಹೊರಡಿಸಿತು. ವೈದ್ಯಗ್ರಂಥಗಳಲ್ಲಿ ಹುಡುಕಿದರೆ ಸಿಗದ, ಸಚಿವಾಲಯದಲ್ಲಿ ಹುಟ್ಟಿದ ಕಾಯಿಲೆ. ಅದಕ್ಕೆ ವಾರ್ಡುಗಳಾದವು, ಹಣ ಸುರಿಯಿತು, ಹತ್ತು ಹನ್ನೆರಡು ವರ್ಷಕ್ಕೆ ಯೋಜನೆ ಮುಚ್ಚಿತು. ಕಾಯಿಲೆ ಎಲ್ಲಿಗೆ ಹೋಯಿತೋ.

ನಮ್ಮವರಿಗೆ ಪಟ್ಟಿ ಹಿಡಿದು ಕೂರುವಷ್ಟು ತಾಳ್ಮೆ ಇಲ್ಲ. ಸ್ವಭಾವ ಅಳೆಯುವುದೇಕೆ, ಸೂಜಿ ಚುಚ್ಚಿದರೆ ಒಳಗಿನದೆಲ್ಲ ತಾನೇ ಈಚೆ ಬರುತ್ತದೆ ಎಂದುಕೊಂಡರು. ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ದೇಶದ ನಾನಾ ಕಡೆಯ ಆರೋಪಿಗಳನ್ನು ಮಂಪರು ಪರೀಕ್ಷೆಗೆಂದು ಬೆಂಗಳೂರಿಗೆ ಕರೆತರುತ್ತಿದ್ದರು. ಛಾಪಾ ಕಾಗದದ ತೆಲಗಿ ಅರೆಪ್ರಜ್ಞೆಯಲ್ಲಿ ತೊದಲಿದ್ದು ಟಿ.ವಿ.ಯಲ್ಲೂ ಬಂತು. ಒಪ್ಪಿಗೆಯಿಲ್ಲದೆ ಹೀಗೆ ಮಾಡುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ಹೇಳಿತು. ಪ್ರಕರಣದ ಹೆಸರು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’. ನಾವೂ ಇತಿಹಾಸದಲ್ಲಿ ಇದ್ದೇವೆ.

ಹಾಗೆ ನೋಡಿದರೆ ಹಳ್ಳಿಯವರ ಪರೀಕ್ಷೆ ಇವೆಲ್ಲಕ್ಕಿಂತ ಅಗ್ಗ. ಬೂದುಗುಂಬಳದ ಮೈಮೇಲಿನ ಬಿಳಿ ಬೂದಿ ಹೊತ್ತವನ ಹೆಗಲಿಗೆ ಮೆತ್ತಿಕೊಳ್ಳುತ್ತದೆ. ‘ಕುಂಬಳಕಾಯಿ ಕಳ್ಳ’ ಎಂದು ಕೂಗಿದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಸೂಜಿ ಬೇಡ, ನಿಂಬೆಹಣ್ಣು ಬೇಡ. ಆದರೆ ಇದರಲ್ಲೂ ಒಂದು ತಕರಾರಿದೆ: ಬೂದಿ ಮೆತ್ತುವುದು ಹೊತ್ತವನ ಹೆಗಲಿಗೆ. ಹೊಲಕ್ಕೆ ಲಾರಿ ತಂದು, ಆಳುಗಳ ಕೈಯಲ್ಲಿ ತುಂಬಿಸಿ, ತೂಕದ ಚೀಟಿ ಹರಿಸಿ ಕಳಿಸಿದವನ ಅಂಗಿಯ ಇಸ್ತ್ರಿಯೂ ಮುರಿದಿರುವುದಿಲ್ಲ. ಅವನೇಕೆ ಹೆಗಲು ಮುಟ್ಟಿಕೊಳ್ಳುತ್ತಾನೆ? ಬಳ್ಳಾರಿಯ ಗುಡ್ಡಗಳು ಲಾರಿ ಹತ್ತಿ ಕಡಲಿಗೆ ಹೋದ ಕಾಲ ನೆನಪಿರಬೇಕು. ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು 2010ರಲ್ಲಿ ಬೇಲೆಕೇರಿ ಬಂದರಿನಿಂದಲೇ ಮಾಯವಾಯಿತು. ಕೆಂಪು ಧೂಳು ಕೂತದ್ದು ಡ್ರೈವರುಗಳ, ಕ್ಲೀನರುಗಳ ಹೆಗಲ ಮೇಲೆ. ಆ ದಿನಗಳ ಚರ್ಚೆಗಳಲ್ಲಿ ಪರವಾನಗಿ, ಪರ್ಮಿಟ್ಟು, ರಾಯಲ್ಟಿ, ಹಡಗು ಎಲ್ಲ ಬಂದವು. ಯಾರ ಬಾಲ್ಯವೂ ಬರಲಿಲ್ಲ, ಯಾರ ತುಟಿಯ ಅಂಚಿಗೂ ಬಾಣ ನೆಡಲಿಲ್ಲ. ಚಿನ್ನದ ಸರ ಕಿತ್ತು ಓಡಿದವನದು ವ್ಯಕ್ತಿತ್ವ, ಗುಡ್ಡ ಕಿತ್ತು ಸಾಗಿಸಿದ್ದು ಅವ್ಯವಹಾರ.

ಎಡ್ವಿನ್ ಸದರ್‌ಲ್ಯಾಂಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞನಿಗೆ ಈ ಇಸ್ತ್ರಿ ಅಂಗಿಯ ಕಡೆ ಕಣ್ಣು ಹೋಯಿತು. 70 ದೊಡ್ಡ ಕಂಪನಿಗಳ ಚರಿತ್ರೆ ತೆಗೆದು, ಕೋರ್ಟು ಮತ್ತು ಆಯೋಗಗಳು ಅವುಗಳ ವಿರುದ್ಧ ಕೊಟ್ಟ 980 ತೀರ್ಪುಗಳನ್ನು ಲೆಕ್ಕ ಹಾಕಿದ. ಕಂಪನಿಗೆ ಸರಾಸರಿ ಹದಿನಾಲ್ಕು. ಬೀದಿಯ ಹುಡುಗನಾಗಿದ್ದರೆ ಇಷ್ಟಕ್ಕೆ ರೌಡಿ ಪಟ್ಟಿ ತೆರೆದು, ಸ್ವಾತಂತ್ರ್ಯ ದಿನಾಚರಣೆಯ ಹಿಂದಿನ ದಿನ ಠಾಣೆಗೆ ಕರೆದು ಕೂರಿಸುತ್ತಿದ್ದರು. ಅಪರಾಧಕ್ಕೆ ಮನೋದೋಷವೇ ಕಾರಣ ಎನ್ನುವವರನ್ನು ಸದರ್‌ಲ್ಯಾಂಡ್ ಚೆನ್ನಾಗಿಯೇ ಕೆಣಕಿದ: ಉಕ್ಕಿನ ಕಂಪನಿಗೆ ತಾಯಿಯ ಮೇಲಿನ ಬಗೆಹರಿಯದ ವ್ಯಾಮೋಹವಿತ್ತೆಂದೋ, ಮೋಟಾರು ಕಂಪನಿಗೆ ಕೀಳರಿಮೆ ಇತ್ತೆಂದೋ ಹೇಳಲು ಯಾರಾದರೂ ತಯಾರಿದ್ದಾರಾ? ಪುಸ್ತಕ 1949ರಲ್ಲಿ ಬಂತು. ಮಾನನಷ್ಟದ ದಾವೆ ಬಿದ್ದೀತೆಂದು ಪ್ರಕಾಶಕರು ಕಂಪನಿಗಳ ಹೆಸರನ್ನೆಲ್ಲ ತೆಗೆಸಿದ್ದರು. ಹೆಸರುಗಳ ಸಮೇತ ಅಚ್ಚಾದದ್ದು 1983ರಲ್ಲಿ. ಸದರ್‌ಲ್ಯಾಂಡ್ ಸತ್ತು ಮೂವತ್ತಕ್ಕೂ ಹೆಚ್ಚು ವರ್ಷವಾಗಿತ್ತು.

ಇತ್ತ ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣೆ ಮುಗಿಯದವರು. ಅಪರಾಧ ಇನ್ನೂ ಸಾಬೀತಾಗಿಲ್ಲ, ವ್ಯಕ್ತಿತ್ವ ಸಾಬೀತಾಗಿದೆ. ಜಾಮೀನು ಸಿಕ್ಕರೂ ಭದ್ರತೆ ಕೊಡುವವರಿಲ್ಲದೆ ಕೊಳೆಯುತ್ತಿರುವವರೂ ಅವರಲ್ಲಿದ್ದಾರೆ. ‘ದೀರ್ಘಾವಧಿಯ ಯೋಜನೆ ಇಲ್ಲದಿರುವುದು’ ಹೇರ್ ಪಟ್ಟಿಯಲ್ಲಿ ಒಂದು ಅಂಶ.

ಇನ್ನು ನಮ್ಮ ಐಸೆಂಕರ ಕಥೆ ಉಳಿಯಿತು. ಅಪರಾಧದಲ್ಲಿ ಫಲಕೊಟ್ಟ ಸೂತ್ರವನ್ನು ಅವರು ರೋಗಕ್ಕೂ ಹಚ್ಚಿದರು. ರೊನಾಲ್ಡ್ ಗ್ರೊಸ್ಸಾರ್ಟ್–ಮಾಟಿಚೆಕ್ ಎಂಬ ಜೊತೆಗಾರನನ್ನು ಕಟ್ಟಿಕೊಂಡು, ಕ್ಯಾನ್ಸರ್ ಬರುವುದರಲ್ಲಿ ಸಿಗರೇಟಿಗಿಂತ ಸೇದುವವನ ವ್ಯಕ್ತಿತ್ವದ ಪಾಲು ದೊಡ್ಡದು ಎಂಬ ತೀರ್ಮಾನದ ಪ್ರಬಂಧಗಳನ್ನು ಒಂದರ ಹಿಂದೊಂದು ಬರೆದರು. ಅಂಥ ಸ್ವಭಾವದವನಿಗೆ ಬರುತ್ತದೆ, ಇಂಥ ಸ್ವಭಾವದವನಿಗೆ ಬರುವುದಿಲ್ಲ, ಬೀಡಿ ಸಿಗರೇಟು ಪಾಪ ಏನು ಮಾಡೀತು? ತಂಬಾಕು ಕಂಪನಿಗಳಿಗೆ ಇದಕ್ಕಿಂತ ಸಿಹಿ ಮಾತು ಇನ್ನೇನಿದೆ. ಐಸೆಂಕರ ಸಂಶೋಧನೆಗೆ ಅವುಗಳ ಹಣವೂ ಹರಿದಿತ್ತು. ಗಾಂಜಾ ಮಾರಿದ ಹುಡುಗನಿಗೆ ವ್ಯಕ್ತಿತ್ವದ ಹೆಸರಿನಲ್ಲಿ ಶಿಕ್ಷೆ, ಸಿಗರೇಟು ಮಾರಿದವರಿಗೆ ಅದೇ ವ್ಯಕ್ತಿತ್ವದ ಹೆಸರಿನಲ್ಲಿ ಬಿಡುಗಡೆ. 2019ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ವಿಚಾರಣೆ ನಡೆಸಿ, ಇಬ್ಬರೂ ಸೇರಿ ಬರೆದ 26 ಪ್ರಬಂಧಗಳು ನಂಬಲು ‘ಸುರಕ್ಷಿತವಲ್ಲ’ ಎಂದು ವರದಿ ಕೊಟ್ಟಿತು. ಕೆಲವನ್ನು ಪತ್ರಿಕೆಗಳು ಹಿಂದಕ್ಕೆ ಪಡೆದವು. ದೋಷ ಸಿಕ್ಕಿದ್ದು ಪ್ರಬಂಧಗಳಲ್ಲಿ. ಬರೆದವರ ಬಾಲ್ಯ, ನರಮಂಡಲ, ಸೈಕೋಟಿಸಿಸಂ ಅಂಕ, ಹಣ ಕೊಟ್ಟವರ ಪಶ್ಚಾತ್ತಾಪದ ಕೊರತೆ ಇವು ಯಾವುವೂ ವಿಚಾರಣೆಯ ವ್ಯಾಪ್ತಿಯಲ್ಲಿ ಇರಲಿಲ್ಲ. ಐಸೆಂಕರು 1997ರಲ್ಲೇ ತೀರಿಕೊಂಡಿದ್ದರು. ಕಂಪನಿಗಳು ಚೆನ್ನಾಗಿಯೇ ಇವೆ. ಆದರೆ ನಾಲ್ಕು ಹನಿ ನಿಂಬೆರಸ ಬಿಡೋಣವೆಂದರೆ ಅವಕ್ಕೆ ನಾಲಿಗೆ ಇಲ್ಲ, ವಕೀಲರಿದ್ದಾರೆ.